ಗ್ರಾಮಸೇವೆಯೂ ವಿಶ್ವವಿದ್ಯಾನಿಲಯದ ಸೇವಾಧಿಕಾರಿಯೂ

(ಮಹೋತ್ಸವದ ವಿದ್ವತ್ಸಭೆಯಲ್ಲಿ ಮಾಡಿದ ಉಪನ್ಯಾಸ)



ಮಠದ ಮಹೋತ್ಸವದಲ್ಲಿ ವಿಶ್ವವಿದ್ಯಾನಿಲಯದ ನೌಕರನೊಬ್ಬನ ಪ್ರಸ್ತಾಪವನ್ನೆತ್ತುವುದು ಅಪ್ರಸ್ತುತವೆಂದು ಕೆಲವರಿಗೆ ತೋರಬಹುದು. ಆದರೆ ಪ್ರತಿವರ್ಷವೂ ನೀಲಗುಂದ, ಕೊಟ್ಟೂರು, ಕೂಡ್ಲಿಗಿ, ಹಡಗಲಿಗಳ ಈ ಸೀಮೆಯ ಹಳ್ಳಿಗಳಿಗೆ ಕಾಲೇಜಿನ ಐವತ್ತು ಮಂದಿ ಹುಡುಗ ಹುಡುಗಿಯರು ಹಾಸಿಗೆಯ ಸುರುಳಿ, ತಟ್ಟೆ, ಲೋಟ, ಸಲಿಕೆ, ಗುದ್ದಲಿ, ಬುಟ್ಟಿಗಳೊಡನೆ ಬಂದಿಳಿದು ಏಳು ದಿವಸ ತಂಗುವುದನ್ನು ಕಾಣದವರಾರು? ಅವರು ತಂಗುವುದು ಶಾಲೆಯಲ್ಲಿ; ಶಾಲೆಯು ಸಾಲದಿದ್ದರೆ ಸಮುದಾಯಭವನದಲ್ಲಿ; ಅದೂ ಇಲ್ಲದ ಊರಿನಲ್ಲಿ ಮಠದ ಪಡಸಾಲೆಯಲ್ಲಿ. ಹೀಗೆ ಮಠದ ಕಂಬಕ್ಕೆ ಶಿಬಿರದ ಬಟ್ಟೆಯ ಫಲಕವನ್ನು ಕಟ್ಟಲು ಅಪ್ಪಣೆ ಬೇಡುತ್ತ ಮೊದಲು ಬಂದು ನಿಲ್ಲುವ ವ್ಯಕ್ತಿಯೇ ಈ ಉಪನ್ಯಾಸದ ವಿಷಯ. ಆತನು ಪಾಠ ಹೇಳುವ ಅಧ್ಯಾಪಕನು. ಅದರ ಮೇಲೆ ರಾಷ್ಟ್ರೀಯ ಸೇವಾ ಯೋಜನೆಯ ಕಾರ್ಯಕ್ರಮಾಧಿಕಾರಿಯೆಂಬ ಹೊರೆಯನ್ನೂ ಹೊತ್ತವನು. ಹಲವು ಕಾಲೇಜುಗಳಲ್ಲಿ ಈ ಹೊರೆಯನ್ನು ಹೊತ್ತವರು ಮಹಿಳೆಯರೇ ಆಗಿರುತ್ತಾರೆ. ಊರಿನವರು ಆತನನ್ನು ‘ಕ್ಯಾಂಪಿನ ಮೇಷ್ಟ್ರು’ ಎಂದು ಕರೆದು ಶಿಬಿರವು ಮುಗಿದ ಮರುದಿನ ಮರೆಯುವುದು ವಾಡಿಕೆಯಾಗಿದೆ.

ವಿದ್ಯಾಪೀಠವು ತನ್ನ ಗೋಡೆಯ ಹೊರಗೆ ಬಂದು ಜನಸಾಮಾನ್ಯರೊಡನೆ ಬೆರೆಯಬೇಕೆಂಬ ವಿಚಾರವು ಬಹಳ ಹಳೆಯದೇನೂ ಅಲ್ಲ. ಆಂಗ್ಲ ದೇಶದಲ್ಲಿ 1884ರಲ್ಲಿ ಲಂಡನ್ ನಗರದ ಪೂರ್ವಭಾಗದ ಬಡವರ ಕೇರಿಯಲ್ಲಿ ಟಾಯ್ನ್‌ಬಿ ಹಾಲ್ ಎಂಬ ನಿವಾಸವು ಸ್ಥಾಪಿತವಾಗಿ, ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗಳ ವಿದ್ಯಾವಂತ ತರುಣರು ಅಲ್ಲಿ ಬಡವರ ನೆರೆಯಲ್ಲಿಯೇ ವಾಸಿಸತೊಡಗಿದರು. ನಮ್ಮ ದೇಶದಲ್ಲಿ ಕವೀಂದ್ರ ರವೀಂದ್ರರು 1922ರಲ್ಲಿ ಶಾಂತಿನಿಕೇತನದ ಬಳಿಯ ಸುರುಲ್ ಗ್ರಾಮದಲ್ಲಿ ಗ್ರಾಮಪುನರ್ರಚನೆಯ ಸಂಸ್ಥೆಯನ್ನು ತೆರೆದರು, ಅದೇ ಶ್ರೀನಿಕೇತನವು. ಕನ್ನಡನಾಡಿನಲ್ಲಾದರೋ 1916ನೆಯ ವರ್ಷವು ಗಮನಾರ್ಹವಾದುದು. ಅದೇ ವರ್ಷ ಮೈಸೂರಿನಲ್ಲಿ ವಿಶ್ವವಿದ್ಯಾನಿಲಯವೂ, ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯೂ, ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘವೂ ಜನ್ಮ ತಾಳಿದವು. ಮೈಸೂರು ವಿಶ್ವವಿದ್ಯಾನಿಲಯದ ಪಂಡಿತರು ಊರೂರಿಗೆ ಹೋಗಿ ತಿಳಿಗನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಮಾಡಿದರು. ಅವು ಸಣ್ಣ ಸಣ್ಣ ಪುಸ್ತಕಗಳಾಗಿಯೂ ಅಚ್ಚಾದವು. ಅದು ಸ್ತುತ್ಯವಾದ ಕಾರ್ಯವೇ ಸರಿ. ಆದರೂ ಅಲ್ಲಿ ಪಂಡಿತನು ಹೇಳುವವನು, ಹಳ್ಳಿಗನು ಕೇಳುವವನು. ಹಳ್ಳಿಗನು ಹೇಳುವುದನ್ನು ಪಂಡಿತನು ಕೇಳುವ ಕಾಲವು ಇನ್ನೂ ಬರಬೇಕಾಗಿದ್ದಿತು.

ಸ್ವಾತಂತ್ರ್ಯಾನಂತರ ರಾಧಾಕೃಷ್ಣನ್ನರ ಅಧ್ಯಕ್ಷತೆಯ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು ವಿದ್ಯಾರ್ಥಿಗಳು ಸ್ವೇಚ್ಛೆಯಿಂದ ರಾಷ್ಟ್ರಸೇವೆಗೆ ತೊಡಗಬೇಕೆಂದು ಸೂಚಿಸಿತು. 1959ರಲ್ಲಿ ಸಿ.ಡಿ. ದೇಶಮುಖರ ಸಮಿತಿಯು ಸೇವೆಯನ್ನು ಕಡ್ಡಾಯಗೊಳಿಸಬೇಕೆಂದಿತು. ಅನಂತರದಲ್ಲಿ ಕೆ.ಜಿ. ಸೈಯದೈನರು ಹೊರದೇಶಗಳ ಪದ್ಧತಿಗಳನ್ನು ವಿಚಾರಿಸಿ, ಬಲಾತ್ಕಾರದ ಸೇವೆಗಿಂತ ಒಪ್ಪಿ ಮಾಡುವ ಸೇವೆಯೇ ಲೇಸೆಂದರು. ಕೊಠಾರಿ ಆಯೋಗವೂ ಶಿಕ್ಷಣದೊಡನೆ ಸಮಾಜಸೇವೆಯು ಬೆಸೆದಿರಬೇಕೆಂದು ವರದಿಯಿತ್ತಿತು. ಇಷ್ಟೆಲ್ಲ ಆಲೋಚನೆಯಾದ ಮೇಲೆ ಗಾಂಧೀಮಹಾತ್ಮರ ಜನ್ಮಶತಾಬ್ದಿಯ ವರ್ಷದಲ್ಲಿ, ಎಂದರೆ 1969ನೆಯ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾನಿಲಯಗಳಲ್ಲಿ 40,000 ವಿದ್ಯಾರ್ಥಿಗಳೊಡನೆ ರಾಷ್ಟ್ರೀಯ ಸೇವಾ ಯೋಜನೆಯು ಆರಂಭವಾಯಿತು. ಅದನ್ನು ಆರಂಭಿಸಿದ ಅಂದಿನ ಕೇಂದ್ರ ಶಿಕ್ಷಣಮಂತ್ರಿಗಳು ಅರ್ಥಶಾಸ್ತ್ರಕೋವಿದರಾದ ವಿ.ಕೆ.ಆರ್.ವಿ. ರಾಯರು. ಅವರನ್ನು 1967ರಲ್ಲಿ ಲೋಕಸಭೆಗೆ ಆರಿಸಿ ಕಳುಹಿಸಿದುದು ಬಳ್ಳಾರಿ ಕ್ಷೇತ್ರವು. 1971ರಲ್ಲಿಯೂ ಅದೇ ಕ್ಷೇತ್ರವು ಅವರನ್ನು ಆರಿಸಿತು. ಗಾಂಧೀಜಿಯವರ ಚಿತಾಭಸ್ಮದ ಸ್ಮಾರಕವನ್ನು ಕೂಡ್ಲಿಗಿಯಲ್ಲಿ ಇರಿಸಿಕೊಂಡಿರುವ ಈ ಸೀಮೆಗೆ ಆ ಯೋಜನೆಯೊಡನೆ ಇಂಥದೊಂದು ಹಳೆಯ ನಂಟು ಉಂಟೆಂಬುದನ್ನು ಇಲ್ಲಿಯ ತರುಣರು ಅರಿತಿರುವುದು ಅಪರೂಪ.

ಯೋಜನೆಯ ನಿಬಂಧನೆಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಒಂದು ಘಟಕಕ್ಕೆ ನೂರು ಮಂದಿ ಸ್ವಯಂಸೇವಕರು. ಅವರಿಗೆ ಒಬ್ಬ ಕಾರ್ಯಕ್ರಮಾಧಿಕಾರಿ. ಕಾಲೇಜುಗಳ ಅಧಿಕಾರಿಗಳೆಲ್ಲರ ಮೇಲೆ ವಿಶ್ವವಿದ್ಯಾನಿಲಯದಲ್ಲಿ ಒಬ್ಬ ಸಂಯೋಜನಾಧಿಕಾರಿ. ವಿದ್ಯಾರ್ಥಿಯು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆಯನ್ನು ಪೂರೈಸಬೇಕು. ಘಟಕದ ಅರ್ಧದಷ್ಟು ಮಂದಿ ಏಳು ದಿವಸದ ವಿಶೇಷ ಶಿಬಿರಕ್ಕೆ ಹೋಗಬೇಕು. ಮೊದಲು ಈ ಶಿಬಿರವು ಹತ್ತು ದಿವಸದ್ದಾಗಿದ್ದಿತು. ಎದೆಯ ಮೇಲಿನ ಲಾಂಛನವು ಕೋನಾರ್ಕದ ಸೂರ್ಯರಥದ ಚಕ್ರ. ಧ್ಯೇಯವಾಕ್ಯವು ‘ನನಗಲ್ಲ, ನಿನಗೆ’ ಎಂಬುದು. ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಬಲ್ಲ ಶಿಷ್ಯವರ್ಗಕ್ಕೆ ಈ ವಾಕ್ಯದ ವ್ಯಾಖ್ಯಾನವು ಬೇಕಾಗಿಲ್ಲ.

ನಿಬಂಧನೆಯ ಪುಸ್ತಕದಲ್ಲಿ ಕಾಣದ ಕೆಲಸವೇ ಹೆಚ್ಚಾದುದು. ಶಿಬಿರಕ್ಕೆ ಒಂದು ತಿಂಗಳು ಮುಂಚೆಯೇ ಅಧಿಕಾರಿಯು ಊರಿಗೆ ಎರಡು ಮೂರು ಸಲ ಬಂದುಹೋಗಬೇಕು. ಪಂಚಾಯಿತಿಯ ಅಧ್ಯಕ್ಷರನ್ನು ಕಾಣಬೇಕು. ಅವರ ಎದುರುಪಕ್ಷದ ಹಿರಿಯರನ್ನೂ ಕಾಣಬೇಕು, ಇಲ್ಲವಾದರೆ ಶಿಬಿರವು ಒಂದು ಪಕ್ಷದ್ದೆಂದು ಊರಿನ ಅರ್ಧ ಜನ ಹತ್ತಿರ ಸುಳಿಯರು. ನೀರಿನ ತೊಟ್ಟಿ ಎಲ್ಲಿದೆ, ವಿದ್ಯುತ್ತು ಯಾವ ಹೊತ್ತಿಗೆ ಹೋಗುವುದು, ಹೆಣ್ಣುಮಕ್ಕಳು ಮಲಗುವ ಕೋಣೆಗೆ ಒಳಗಿನ ಅಗುಳಿ ಉಂಟೋ, ಶೌಚಗೃಹಕ್ಕೆ ಬಾಗಿಲು ಉಂಟೋ, ರಾತ್ರಿ ಯಾರಿಗಾದರೂ ಜ್ವರ ಬಂದರೆ ಅಥವಾ ಹಾವು ಚೇಳು ಮುಟ್ಟಿದರೆ ಆಸ್ಪತ್ರೆಗೆ ಒಯ್ಯುವ ವಾಹನವಾವುದು ಎಂಬುದನ್ನೆಲ್ಲ ತಾನೇ ನೋಡಿಕೊಳ್ಳಬೇಕು. ಮಗಳನ್ನು ಏಳು ರಾತ್ರಿ ಪರಸ್ಥಳದಲ್ಲಿ ಬಿಡಲು ಹಿಂಜರಿಯುವ ತಂದೆತಾಯಿಗಳ ಮನೆಗೆ ಹೋಗಿ ಧೈರ್ಯ ಹೇಳಬೇಕು. ಅನೇಕ ಹುಡುಗಿಯರಿಗೆ ನೆಂಟರ ಮನೆಯನ್ನು ಬಿಟ್ಟರೆ ಹೊರಗೆ ತಂಗುವ ಅನುಭವವು ಅದೇ ಮೊದಲನೆಯದು. ಆ ಏಳು ರಾತ್ರಿಗಳಲ್ಲಿ ಅಧಿಕಾರಿಣಿಗೆ ನಿದ್ರೆಯೆಂಬುದು ಹೆಸರಿಗೆ ಮಾತ್ರ.

ದಿನಚರಿಯು ಬೆಳಗಿನ ಜಾವದ ಪ್ರಭಾತಫೇರಿಯಿಂದ ತೊಡಗುವುದು. ಬಳಿಕ ಧ್ವಜವಂದನೆ, ಉಪಾಹಾರ, ಬಿಸಿಲೇರುವವರೆಗೆ ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ಇಳಿಹೊತ್ತಿನಲ್ಲಿ ಮನೆಮನೆಯ ಸಮೀಕ್ಷೆ, ರಾತ್ರಿ ಊರಿನವರೆದುರು ಹಾಡು ನಾಟಕಗಳು. ಈ ಸೀಮೆಯ ಬಿಸಿಲು ಎಂಥದೆಂದು ಹೇಳಬೇಕಾದುದಿಲ್ಲ. ಪಟ್ಟಣದ ಹುಡುಗನ ಅಂಗೈಯಲ್ಲಿ ಎರಡನೆಯ ದಿನಕ್ಕೆ ಬೊಬ್ಬೆಯೇಳುವುದು. ಮೂರನೆಯ ದಿನ ಅವನು ಮನೆಗೆ ಹೋಗುವೆನೆನ್ನುವನು. ಐದನೆಯ ದಿನ ಅವನೇ ಮುಂದಾಗಿ ಬುಟ್ಟಿ ಹೊರುವನು. ಜೋಳದ ರೊಟ್ಟಿಯನ್ನು ತಟ್ಟಲು ಬಾರದ ಹುಡುಗರು ಒಲೆಯ ಮುಂದೆ ಕುಳಿತು ಕಲಿಯುವುದೂ, ಬೇರೆ ಬೇರೆ ಜಾತಿಯ ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು, ಸರದಿಯಂತೆ ಒಬ್ಬರಿಗೊಬ್ಬರು ಬಡಿಸುವುದೂ ಇಲ್ಲಿಯೇ. ಯಾವ ಉಪನ್ಯಾಸಕ್ಕಿಂತಲೂ ಈ ಪಂಕ್ತಿಯೇ ದೊಡ್ಡ ಪಾಠವೆಂದು ಹೇಳಿದರೆ ಅತಿಶಯೋಕ್ತಿಯಾಗದು. ಇಷ್ಟಾದ ಮೇಲೆ ಲೆಕ್ಕಪತ್ರದ ಕಾಟವೊಂದಿದೆ. ಅನುದಾನವು ಶಿಬಿರವು ಮುಗಿದ ಮೇಲೆ ಕೈಸೇರುವುದುಂಟು. ಅಷ್ಟರವರೆಗೆ ಕಿರಾಣಿ ಅಂಗಡಿಯ ಉದ್ದರಿಗೆ ಅಧ್ಯಾಪಕನ ಸಂಬಳವೇ ಹೊಣೆ. ತರಕಾರಿ ಮಾರುವ ಮುದುಕಿಯಿಂದ ರಶೀದಿಯನ್ನು ಕೇಳುವ ನಿಯಮವನ್ನು ಮಾಡಿದವರು ಸಂತೆಗೆ ಹೋದವರಾಗಿರಲಾರರು.

ಇನ್ನು ಈ ಕಾರ್ಯದ ದೋಷಗಳನ್ನು ಮರೆಮಾಚದೆ ಹೇಳುವುದು ಯುಕ್ತ. ಪ್ರತಿವರ್ಷವೂ ಶಾಲೆಯ ಗೋಡೆಗೆ ಸುಣ್ಣ, ದೇವಸ್ಥಾನದ ಆವರಣದ ಕಸ, ಮುಖ್ಯಬೀದಿಯ ಚರಂಡಿ. ಮುಂದಿನ ವರ್ಷ ಬೇರೊಂದು ಊರಿನಲ್ಲಿ ಅದೇ ಸುಣ್ಣ, ಅದೇ ಕಸ, ಅದೇ ಚರಂಡಿ. ಶಿಬಿರದವರು ಬಸ್ಸು ಹತ್ತಿದ ಎಂಟು ದಿನಕ್ಕೆ ಚರಂಡಿಯು ಮತ್ತೆ ತುಂಬುವುದು. ನೆಟ್ಟ ಸಸಿಗೆ ಬೇಸಗೆಯಲ್ಲಿ ನೀರು ಹಾಕುವವರಾರೆಂದು ಯಾರೂ ಗೊತ್ತುಮಾಡಿರುವುದಿಲ್ಲ. ಸಮಾರೋಪದ ಭಾಷಣಗಳಿಗೆ ಒಂದು ದಿನವಿಡೀ ವೆಚ್ಚವಾಗಿ, ಛಾಯಾಚಿತ್ರವು ಪತ್ರಿಕೆಯಲ್ಲಿ ಬಂದರೆ ಸೇವೆಯು ಸಫಲವಾಯಿತೆಂದು ಭಾವಿಸುವ ಕಾಲೇಜುಗಳೂ ಇಲ್ಲದಿಲ್ಲ. ಇದಕ್ಕಿಂತ ಗಂಭೀರವಾದ ಮಾತೊಂದಿದೆ. ಶ್ರಮದಾನವು ಯಾವ ಕೇರಿಯಲ್ಲಿ ನಡೆಯಬೇಕೆಂಬುದನ್ನು ಗೊತ್ತುಮಾಡುವವರು ಯಾರು? ಊರಿನ ಮುಂದಾಳುಗಳು ಸಹಜವಾಗಿಯೇ ತಮ್ಮ ಬೀದಿಯನ್ನು ತೋರಿಸುವರು. ಅತಿಥಿಯಾಗಿ ಬಂದ ಅಧಿಕಾರಿಗೆ ಅಲ್ಲವೆನ್ನುವುದು ಕಷ್ಟ. ಅಂತೂ ಊರ ಹೊರಗಿನ ದಲಿತರ ಕೇರಿಗೆ ಶಿಬಿರದವರು ಕೊನೆಯ ದಿನ ಸಮೀಕ್ಷೆಯ ಕಾಗದವನ್ನು ಹಿಡಿದು ಹೋದರೆ ಹೋದರು, ಇಲ್ಲವಾದರೆ ಇಲ್ಲ. ಅಧಿಕಾರಿಯು ಯೋಗ್ಯನೋ ಅಲ್ಲವೋ ಎಂಬುದನ್ನು ಅರಿಯಲು ಆತನ ಕಡತವನ್ನು ನೋಡಬೇಕಾಗಿಲ್ಲ. ಮೊದಲ ದಿನದ ಗುದ್ದಲಿಯು ಯಾವ ಕೇರಿಯಲ್ಲಿ ಬಿದ್ದಿತೆಂಬುದನ್ನು ವಿಚಾರಿಸಿದರೆ ಸಾಕು. ಶರಣರ ಹೆಸರನ್ನು ಹೇಳುವ ಊರುಗಳಲ್ಲಿಯೂ ಈ ಪ್ರಶ್ನೆಯನ್ನು ಕೇಳಬೇಕಾಗಿ ಬಂದಿರುವುದು ಭಕ್ತರೇ ಆಲೋಚಿಸತಕ್ಕ ವಿಷಯ.

ಸೇವೆಯೊಂದು ಕಡೆ, ವ್ಯಾಸಂಗವೊಂದು ಕಡೆ ಎಂದು ಇಟ್ಟಿರುವುದೇ ಈ ದೋಷಗಳಿಗೆ ಮೂಲವೆಂದು ವಿದ್ವಾಂಸರ ಅಭಿಪ್ರಾಯ. ಅಮೇರಿಕಾ ದೇಶದಲ್ಲಿ 1960ರ ದಶಕದಿಂದ ಈಚೆಗೆ ಸೇವೆಯನ್ನೇ ಕಲಿಕೆಯ ಸಾಧನವಾಗಿ ಮಾಡುವ ಪದ್ಧತಿಯೊಂದು ಬೆಳೆದಿದೆ. ಅದನ್ನು ಸೇವಾಧ್ಯಯನವೆಂದು ಕರೆಯಬಹುದು. ಅದರ ತಾತ್ಪರ್ಯವೇನೆಂದರೆ, ವಿದ್ಯಾರ್ಥಿಯು ಯಾವ ಶಾಸ್ತ್ರವನ್ನು ಓದುತ್ತಿರುವನೋ ಆ ಶಾಸ್ತ್ರದಿಂದಲೇ ಊರಿಗೆ ಉಪಯೋಗವಾಗಬೇಕು. ಊರಿನಲ್ಲಿ ಕಂಡುದರಿಂದ ಅವನ ಶಾಸ್ತ್ರಜ್ಞಾನವು ತಿದ್ದುಪಡಿಯಾಗಬೇಕು. ಪ್ರತಿದಿನವೂ ತಾನು ಕಂಡುದೇನು, ತಿಳಿದುದೇನು ಎಂಬುದನ್ನು ಬರೆದು ಗುರುವಿನೊಡನೆ ಚರ್ಚಿಸಬೇಕು.

ಈ ಸೀಮೆಯಲ್ಲಿ ಅದಕ್ಕೆ ಬೇಕಾದಷ್ಟು ಅವಕಾಶವಿದೆ. ಇಲ್ಲಿಯ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಎಂಬ ಲವಣಾಂಶವು ಮಿತಿಮೀರಿದೆ. ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ನೀರಿಲ್ಲದ ಪಕ್ಷದಲ್ಲಿ 1.5 ಮಿಲಿಗ್ರಾಮಿನವರೆಗೆ ಸಹ್ಯವೆಂದು ಭಾರತೀಯ ಮಾನಕವು ವಿಧಿಸಿದೆ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲು ಕಂದುವುದು, ಕಾಲಾಂತರದಲ್ಲಿ ಕೀಲು ಮೂಳೆಗಳು ಬಿಗಿಯುವುವು. ರಸಾಯನಶಾಸ್ತ್ರದ ವಿದ್ಯಾರ್ಥಿಗೆ ಈ ಪರೀಕ್ಷೆಯು ಕಷ್ಟವಾದುದಲ್ಲ. ಊರಿನ ಒಂದೊಂದು ಬಾವಿಯ ನೀರನ್ನೂ ಪರೀಕ್ಷಿಸಿ, ಕುಡಿಯತಕ್ಕುದಾವುದು, ದನಕರುಗಳಿಗೂ ಬಟ್ಟೆಗೂ ಮಾತ್ರ ತಕ್ಕುದಾವುದು ಎಂದು ಊರವರಿಗೆ ತಿಳಿಯುವಂತೆ ಬರೆದು ಹಚ್ಚಿದರೆ ಹತ್ತು ವರ್ಷ ಸುಣ್ಣ ಬಳಿದುದಕ್ಕಿಂತಲೂ ಅದು ಮೇಲು. ವಿದ್ಯಾರ್ಥಿಗಾದರೋ ಪ್ರಯೋಗಶಾಲೆಯ ಗಾಜಿನ ನಳಿಗೆಯಲ್ಲಿ ಕಂಡ ಬಣ್ಣವು ಒಂದು ಮಗುವಿನ ಹಲ್ಲಿನ ಬಣ್ಣವೆಂಬ ಅರಿವು ಅಂದೇ ಉಂಟಾಗುವುದು.

ಅರ್ಥಶಾಸ್ತ್ರವನ್ನೋದುವವರಿಗೆ ಗುಳೆಯ ವಿಷಯವಿದೆ. ಸುಗ್ಗಿಯು ಮುಗಿದ ಮೇಲೆ ಕೂಡ್ಲಿಗಿ, ಹರಪನಹಳ್ಳಿ ಕಡೆಯ ಕುಟುಂಬಗಳು ಮಲೆನಾಡಿನ ಕಾಫಿ ತೋಟಗಳಿಗೂ ಬೆಂಗಳೂರಿನ ಕಟ್ಟಡದ ಕೆಲಸಕ್ಕೂ ಹೋಗುವುದು ಎಲ್ಲರೂ ಬಲ್ಲ ಸಂಗತಿ. ಪ್ರಾದೇಶಿಕ ಅಸಮಾನತೆಯನ್ನು ವಿಚಾರಿಸಿದ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ 114 ತಾಲ್ಲೂಕುಗಳನ್ನು ಹಿಂದುಳಿದವುಗಳೆಂದು ಎಣಿಸಿದಾಗ ಇವೆರಡೂ ಆ ಪಟ್ಟಿಯಲ್ಲಿದ್ದವು. ಇಲ್ಲಿ ಅಧಿಕಾರಿಯ ವಿವೇಕವು ಬೇಕಾಗುವುದು. ಶಿಬಿರವು ನಡೆಯುವುದು ಬಹುಮಟ್ಟಿಗೆ ಗುಳೆಯ ಕಾಲದಲ್ಲಿಯೇ. ಆಗ ಬೀಗ ಹಾಕಿದ ಮನೆಯನ್ನು ಬಿಟ್ಟು ತೆರೆದ ಮನೆಗಳನ್ನು ಮಾತ್ರ ಎಣಿಸಿದರೆ, ಯಾರ ಕಷ್ಟವನ್ನು ಅರಿಯಬೇಕೆಂದು ಹೊರಟರೋ ಅವರನ್ನೇ ಬಿಟ್ಟಂತಾಯಿತು. ಬೀಗದ ಮನೆಗೆ ಗುರುತಿಟ್ಟು, ನೆರೆಯವರನ್ನು ಕೇಳಿ, ಮಕ್ಕಳನ್ನು ಕರೆದೊಯ್ದರೋ ಅಜ್ಜಿಯ ಬಳಿ ಬಿಟ್ಟರೋ ಎಂಬುದನ್ನು ಬರೆದುಕೊಂಡು, ಮಳೆಗಾಲದಲ್ಲಿ ಮತ್ತೊಮ್ಮೆ ಬಂದು ವಿಚಾರಿಸುವವನೇ ನಿಜವಾದ ಲೆಕ್ಕವನ್ನು ತರುವನು.

ದೇವದಾಸಿ ಪದ್ಧತಿಯ ಸಂಗತಿಯನ್ನೂ ಸಂಕೋಚದಿಂದ ಮುಚ್ಚಬೇಕಾಗಿಲ್ಲ. ಕರ್ನಾಟಕವು 1982ರಲ್ಲಿ ಅದನ್ನು ನಿಷೇಧಿಸುವ ಶಾಸನವನ್ನು ಮಾಡಿತು. 1993–94ರಲ್ಲಿಯೂ 2007–08ರಲ್ಲಿಯೂ ಆ ಸ್ತ್ರೀಯರ ಗಣತಿಯು ನಡೆಯಿತು. ಈ ಸೀಮೆಗೂ ಆ ದುಃಖವು ತಟ್ಟಿದೆ. ಆದರೆ ಹದಿನೆಂಟು ವರ್ಷದ ಹುಡುಗನೊಬ್ಬನು ಕಾಗದ ಹಿಡಿದು ಬೀದಿಯಲ್ಲಿ ನಿಂತು, ನೆರೆಯವರ ಮುಂದೆ ಒಬ್ಬ ತಾಯಿಯನ್ನು ಈ ಪ್ರಶ್ನೆ ಕೇಳುವುದು ಸೇವೆಯಲ್ಲ, ಅದು ಹಿಂಸೆ. ಯಾವುದನ್ನು ಕೇಳಬಾರದು, ಯಾವುದನ್ನು ಬರೆಯಬಾರದು, ಯಾರ ಚಿತ್ರವನ್ನು ತೆಗೆಯಬಾರದು ಎಂಬುದನ್ನು ಮೊದಲೇ ಕಲಿಸುವುದು ಅಧಿಕಾರಿಯ ಧರ್ಮ. ಕಾಯಿದೆಯ ತಿಳಿವಳಿಕೆಯನ್ನು ಊರಿಗೆಲ್ಲ ಸಮನಾಗಿ ಹೇಳಬಹುದು. ಪಿಂಚಣಿಯ ಅರ್ಜಿಯನ್ನು ಬರೆಸಬೇಕೆಂದು ಬಂದವರಿಗೆ ಬರೆದುಕೊಡಬಹುದು. ಅಷ್ಟೇ ಸಾಕು.

ಊರಿನಿಂದ ವಿದ್ಯಾಪೀಠವು ಪಡೆಯುವುದೇನೂ ಕಡಿಮೆಯಲ್ಲ. 1991ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಬಳ್ಳಾರಿ ಜಿಲ್ಲೆಯ ಶಾಸನಗಳನ್ನು ಸಂಪುಟವಾಗಿ ಪ್ರಕಟಿಸಿದುದು ಊರೂರಿನ ಗುಡಿಗೋಡೆಗಳಿಂದಲೂ ಹೊಲದ ಬದುಗಳಿಂದಲೂ ಸಂಗ್ರಹಿಸಿಯೇ. ನೀಲಗುಂದದ ಭೀಮೇಶ್ವರ ದೇವಾಲಯದಂಥ ಚಾಲುಕ್ಯರ ಕಾಲದ ಗುಡಿಯನ್ನು ತೋರಿಸುವ ಹಳ್ಳಿಯ ಹಿರಿಯನು ಅಂದಿನ ಮಟ್ಟಿಗೆ ಗುರುವೇ ಸರಿ.

ಈಚೆಗೆ ಸರಕಾರವೂ ಈ ಕಡೆಗೆ ಗಮನವಿತ್ತಿದೆ. 2014ರಲ್ಲಿ ಉನ್ನತ ಭಾರತ ಅಭಿಯಾನವು ಹೊರಟು, ಅದರಲ್ಲಿ ಸೇರಿದ ವಿದ್ಯಾಸಂಸ್ಥೆಯು ಕನಿಷ್ಠ ಐದು ಗ್ರಾಮಗಳನ್ನು ಆರಿಸಿಕೊಳ್ಳಬೇಕೆಂದು ಗೊತ್ತಾಯಿತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2020ರ ಸುಮಾರಿಗೆ ಸಮುದಾಯದೊಡನೆ ಬೆರೆತು ಕಲಿಯುವ ಎರಡು ಕ್ರೆಡಿಟ್ಟಿನ ಪಾಠಕ್ರಮವೊಂದನ್ನು ರೂಪಿಸಿತು. ಸೇವೆಗೆ ಅಂಕವನ್ನು ಕೊಟ್ಟರೆ ಅದು ಸೇವೆಯಾಗಿ ಉಳಿಯುವುದೇ ಎಂಬ ಆಕ್ಷೇಪಣೆಯುಂಟು. ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಪರೀಕ್ಷೆಗೆ ಬಾರದ ವಿಷಯಕ್ಕೆ ವೇಳಾಪಟ್ಟಿಯಲ್ಲಿ ಸ್ಥಳವಿಲ್ಲದ ಈ ಕಾಲದಲ್ಲಿ ಅಂಕದ ಮೂಲಕವಾದರೂ ಅದಕ್ಕೊಂದು ಗಂಟೆಯು ದೊರೆಯುವುದಾದರೆ ದೊರೆಯಲಿ. ಕರಾರು ಒಂದೇ: ಅಂಕವು ಕಳೆದ ಗಂಟೆಗಳಿಗಲ್ಲ, ಕಲಿತುದಕ್ಕೆ ಸಲ್ಲಬೇಕು.

ಅಧಿಕಾರಿಗಾದರೋ ಅಂಕವೂ ಇಲ್ಲ. ಬಡ್ತಿಯ ಕಾಲದಲ್ಲಿ ಅಚ್ಚಾದ ಪ್ರಬಂಧಗಳಿಗಿರುವ ತೂಕವು ಹಳ್ಳಿಯಲ್ಲಿ ಕಳೆದ ರಾತ್ರಿಗಳಿಗೆ ಇಲ್ಲ. ಕಾಯಂ ಅಧ್ಯಾಪಕರು ವಿರಳರಾದ ಕಾಲೇಜುಗಳಲ್ಲಿ ಓಡಾಟದ ಬಹುಭಾಗವು ಅತಿಥಿ ಉಪನ್ಯಾಸಕರ ಹೆಗಲಿಗೆ ಬೀಳುತ್ತದೆ. ಅಧಿಕಾರಿಯ ಅವಧಿಯು ಮೂರು ವರ್ಷ, ಹೆಚ್ಚೆಂದರೆ ಮತ್ತೊಂದು ವರ್ಷ. ಊರಿನ ಜನರ ಹೆಸರು, ನೀರಿನ ಜಾಡು, ಪಕ್ಷಗಳ ಮನಸ್ತಾಪ ಇವೆಲ್ಲ ಆತನಿಗೆ ತಿಳಿಯುವ ಹೊತ್ತಿಗೆ ಬೇರೊಬ್ಬನು ಬರುವನು. ಹೊಸಬನು ಮತ್ತೆ ಮೊದಲ ಪ್ರಶ್ನೆಯಿಂದಲೇ ತೊಡಗುವನು. ಊರವರು ಅದೇ ಉತ್ತರವನ್ನು ಮೂರನೆಯ ಸಲ ಹೇಳುವರು, ನಾಲ್ಕನೆಯ ಸಲ ಬಾಗಿಲು ಹಾಕುವರು. ಅಲ್ಲದೆ ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂದಿತು. ಕಚೇರಿಗಳು ಬದಲಾದಂತೆಲ್ಲ ಕಡತಗಳೂ ಚದರಿಹೋಗುವುವು. ಊರಿನ ನೆನಪನ್ನು ಊರಿನ ಹೊರಗಿರಿಸಿದರೆ ಅದು ಉಳಿಯಲಾರದು.

ಆದಕಾರಣ ಈ ಮಹೋತ್ಸವದ ಸಂದರ್ಭದಲ್ಲಿ ಭಕ್ತರ ಪರಿಶೀಲನೆಗೆ ಒಂದು ಸೂಚನೆಯನ್ನಿಡಲಾಗಿದೆ. ಊರಿಗೆ ಬರುವ ಶಿಬಿರಗಳ ಸಲುವಾಗಿ ಗಟ್ಟಿ ರಟ್ಟಿನ ದಫ್ತರೊಂದನ್ನು ಊರಿನಲ್ಲಿಯೇ ಇಡತಕ್ಕದ್ದು. ಪಂಚಾಯಿತಿಯಲ್ಲಿ ಒಂದು ಪ್ರತಿ, ಮಠದ ಗ್ರಂಥಭಂಡಾರದಲ್ಲಿ ಒಂದು ಪ್ರತಿ. ಯಾವ ವರ್ಷ ಯಾವ ಕಾಲೇಜಿನವರು ಬಂದರು, ಯಾವ ಕೇರಿಯಲ್ಲಿ ಏನು ಮಾಡಿದರು, ಯಾವ ಬಾವಿಯ ನೀರಿನ ಪರೀಕ್ಷೆಯ ಫಲವೇನು, ನೆಟ್ಟ ಸಸಿಗಳೆಷ್ಟು, ಮುಂದಿನ ಬೇಸಗೆಯಲ್ಲಿ ಉಳಿದವೆಷ್ಟು, ಕೈಕೊಂಡು ಅರ್ಧಕ್ಕೆ ಬಿಟ್ಟ ಕೆಲಸವಾವುದು ಎಂಬುದನ್ನು ಹೋಗುವ ಅಧಿಕಾರಿಯು ತನ್ನ ಕೈಯಿಂದ ಬರೆದು ಸಹಿ ಹಾಕಬೇಕು. ಬರುವ ಅಧಿಕಾರಿಯು ಅದನ್ನೋದಿ ಕೆಲಸವನ್ನು ಗೊತ್ತುಮಾಡಬೇಕು. ಕುಟುಂಬಗಳ ಹೆಸರೂ ಗುಟ್ಟೂ ಅದರಲ್ಲಿ ಬರಕೂಡದು. ಕೆಲಸವನ್ನು ಆರಿಸುವ ಸಭೆಯು ಮಠದ ಪಡಸಾಲೆಯಲ್ಲಿ ಸೇರುವುದಾದರೆ ಎಲ್ಲ ಕೇರಿಗಳಿಂದಲೂ ಇಬ್ಬಿಬ್ಬರು, ಅವರಲ್ಲೊಬ್ಬರು ಹೆಣ್ಣುಮಗಳು, ಒಂದೇ ಜಮಖಾನೆಯ ಮೇಲೆ ಕುಳಿತಿರಬೇಕು. ಶಿಬಿರದವರಿಗೆ ಏಳು ದಿವಸದ ಪ್ರಸಾದವನ್ನು ಮಠವು ವಹಿಸಿಕೊಂಡರೆ ಅಧಿಕಾರಿಯ ಕಿರಾಣಿ ಸಾಲವು ತಪ್ಪುವುದು. ಅಡಿಗೆಯ ಸರದಿಯನ್ನು ಮಾತ್ರ ಹುಡುಗರಿಂದ ತಪ್ಪಿಸಬಾರದು. ದಫ್ತರಿನ ಮೊದಲ ಪುಟದಲ್ಲಿ ಊರಿನ ಬಾವಿಗಳ ಪಟ್ಟಿಯನ್ನು ಬರೆಯುವ ಕೆಲಸವನ್ನು ಶ್ರೀಮಠದ ಪಾಠಶಾಲೆಯ ವಿದ್ಯಾರ್ಥಿಗಳೇ ಬರುವ ಶ್ರಾವಣದೊಳಗೆ ಮುಗಿಸಬಹುದಾಗಿದೆ.